ಯಾರೂ ಅಗೆಯದ ರಸ್ತೆ

ಜಯಲತಾ ಅಕ್ಕನಿಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಟಿಟ್ವಾಲಾ ರಸ್ತೆಯಲ್ಲಿ ಜೆಸಿಬಿಯವರು ಕೇಬಲ್ ಕಡಿದಿದ್ದಾರೆ, ಅದಕ್ಕೇ ನಿಮಗೆ ಇಂಟರ್ನೆಟ್ ಇಲ್ಲ ಎಂದು ನಾಲ್ಕು ದಿನ ಹೇಳಿದೆನಲ್ಲ, ಅದು ಸುಳ್ಳು. ಮೊದಲು ನಿಮ್ಮ ಕಂಪ್ಲೇಂಟನ್ನೇ ಮರೆತಿದ್ದೆ, ಆಮೇಲೆ ಅದೇ ಸುಳ್ಳನ್ನು ಮುಂದುವರಿಸಿದೆ. ಗಿರಾಕಿಗಳು ಬೈದಾಗಲೆಲ್ಲ ನಾನು ಹೇಳುವುದು ಅದನ್ನೇ.

ನೀವು ಬೈಯಲಿಲ್ಲ. ಬಿಸಿಲಿನಲ್ಲಿ ಅಗೆಯುವವರಿಗೆಂದು ಮಜ್ಜಿಗೆ ಹಿಡಿದುಕೊಂಡು ಆ ರಸ್ತೆ ಕೂಡುವ ನಾಕಾವರೆಗೂ ನಡೆದಿರಿ. ಆಮೇಲೆ ಫೋನ್ ಮಾಡಿ, “ಅಲ್ಲಿ ಯಾರೂ ಇಲ್ಲ ಮಾರಾಯ, ಊಟಕ್ಕೆ ಹೋದ್ರೋ ಏನೋ. ಮಜ್ಜಿಗೆ ಫ್ರಿಜ್ಜಲ್ಲಿ ಇಟ್ಟಿದ್ದೇನೆ, ನೀನು ಬಂದಾಗ ಕುಡಿ” ಎಂದಿರಿ.

ನಾನು ಹೂಂ ಎಂದೆ.

ನಾಳೆ ಹತ್ತು ಗಂಟೆಗೆ ಬರುತ್ತೇನೆ. ಕೆಟ್ಟಿರುವುದು ನಿಮ್ಮ ಗೇಟಿನ ಕಂಬದ ಕೇಬಲ್ ಡಬ್ಬಿ, ಹೊರಗಿನಿಂದಲೇ ಸರಿಮಾಡುತ್ತೇನೆ. ದಯವಿಟ್ಟು ಒಳಗೆ ಕರೆಯಬೇಡಿ. ಆ ಮಜ್ಜಿಗೆಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ.

ನಿಮ್ಮ ಇಂಟರ್ನೆಟ್ಟಿನವ,
ಲತೀಶ್