ನಿಡಘಟ್ಟದ ಚಾವಡಿಯಲ್ಲಿ ಕಂಡ ಮಿದುಳು

ಮದ್ದೂರು
೧೯೪೬ನೆಯ ಇಸವಿ ಮಾರ್ಚಿ ೧೭, ಭಾನುವಾರ

ಆತ್ಮೀಯ ಮಿತ್ರರಾದ ನಜೀರ್ ಅಹ್ಮದ್ ಸಾಹೇಬರಿಗೆ ಹೊನ್ನಯ್ಯನ ಸಲಾಮು. ಜೊತೆಗೆ ಈ ಮನೆಯ ಎಲ್ಲರ ನಮಸ್ಕಾರ.

ನಿಮ್ಮ ಕಾರ್ಡು ತಲಪಿತು. ಮೈಸೂರಿನಲ್ಲಿ ನಡೆಯಲಿರುವ ನಿಮ್ಮ ಮಿದುಳು ವ್ಯಾಧಿ ಸಹಾಯಕ ಸಂಘದ ವಾರ್ಷಿಕ ಸಭೆಯಲ್ಲಿ ಓದುವುದಕ್ಕಾಗಿ, ನನ್ನ ಮಗಳ ವಿಷಯವನ್ನು ಮೊದಲಿನಿಂದ ಬರೆಯಬೇಕೆಂದು ಕೇಳಿದ್ದೀರಿ. ನೀವೇ ಕಣ್ಣಾರೆ ಕಂಡ ಸಂಗತಿಗಳೂ ಇದರಲ್ಲಿ ಬರುತ್ತವೆ, ಸಭಿಕರಿಗಾಗಿ ಸಹಿಸಿಕೊಳ್ಳಿ.

ನನ್ನ ಮಗಳು ಮಂಗಳಮ್ಮನನ್ನು ನಿಡಘಟ್ಟದ ಚಿಕ್ಕಣ್ಣನಿಗೆ ಕೊಟ್ಟಿದ್ದೇನೆ. ಹೆರಿಗೆಯಾದ ಮೇಲೆ ಅವಳಿಗೆ ಅಪಸ್ಮಾರ ಕಾಣಿಸಿಕೊಂಡಿತು. ನಮ್ಮ ಕಡೆ ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸುವುದು ರೂಢಿ. ಬೀಗದ ಕೈ ಗೊಂಚಲೋ ಕುಡುಗೋಲೋ, ಯಾವುದು ಸಿಕ್ಕಿದರೆ ಅದು. ಕುಡುಗೋಲು ಹಿಡಿಸಿದ್ದರಿಂದ ಅವಳ ಅಂಗೈ ಸೀಳಿತ್ತು. ಗಾಳಿ ಸೋಕಿದೆ ಎಂದು ಊರು ತೀರ್ಮಾನಿಸಿತು. ಬೀಗಿತಿ ಪುಟ್ಟಮಾದಮ್ಮನವರು ಸೊಸೆಯನ್ನು ನನ್ನ ಮನೆಗೆ ತಂದುಬಿಟ್ಟರು; ಮೊಲೆಯುಣ್ಣುವ ಮೊಮ್ಮಗಳನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. "ಗಾಳಿ ಬುಟ್ಮೇಲೆ ಕಳ್ಸಿ ಬೀಗ್ರೇ. ಅಲ್ಲೀಗಂಟ ಮಗು ನಂತಾವ ಇರ್ಲಿ" ಎಂದರು. ಅಳಿಯ ತಾಯಿಯ ಬೆನ್ನ ಹಿಂದೆ ನಿಂತು ಎತ್ತಿನ ಕೊರಳ ಗಂಟೆಯನ್ನು ಒರೆಸುತ್ತಿದ್ದ. ನನ್ನ ಮಗಳು ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಆ ಕಾಲದಲ್ಲಿ ನೀವು ನಮ್ಮನ್ನು ಮೈಸೂರಿಗೆ ಕರೆಸಿಕೊಂಡಿರಿ. ಸಂಘದ ಚಂದಾಹಣದಿಂದಲೇ ಸಂಬಳ ಪಡೆದು ಮಿದುಳಿನ ರೋಗಗಳನ್ನು ಅಭ್ಯಸಿಸುತ್ತಿರುವ ನಿಮ್ಮ ತರುಣ ವೈದ್ಯರು ಮಂಗಳಳ ಎದುರು ನೆಲದ ಮೇಲೆಯೇ ಕುಳಿತು, ಯಾವ ಕೈ ಮೊದಲು ಅದುರುತ್ತದೆ, ಅದಕ್ಕೂ ಮುಂಚೆ ಏನಾದರೂ ವಾಸನೆ ಬರುತ್ತದೆಯೇ ಎಂದು ಕೇಳಿದರು. ಅವಳು ಸುಟ್ಟ ಬೆಲ್ಲದ ವಾಸನೆ ಎಂದಳು. ಈ ಮಾತನ್ನು ಅವಳು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲೂ ಇಲ್ಲ. "ನೀವು ಹೇಳಿದ್ದು ನಿಮ್ಮಂಥ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ ಅಮ್ಮ" ಎಂದು ವೈದ್ಯರು ಕೈಮುಗಿದಾಗ, ಮನೆ ಬಿಟ್ಟು ಬಂದಂದಿನಿಂದ ತಲೆಯೆತ್ತದಿದ್ದ ನನ್ನ ಮಗಳು ಅವರ ಮುಖ ನೋಡಿದಳು. ಯುದ್ಧದ ದೆಸೆಯಿಂದ ಔಷಧಿ ಅಂಗಡಿಗಳು ಬರಿದಾಗಿದ್ದಾಗಲೂ ಸಂಘದ ಗುಳಿಗೆಗಳು ಅಂಚೆಯಲ್ಲಿ ತಪ್ಪದೆ ಬಂದವು. ಮೂರ್ಛೆ ವಿರಳವಾಯಿತು. ಆದರೆ ಗುಳಿಗೆಯಿಂದ ಊರಿನ ಬಾಯಿ ಮುಚ್ಚುವುದಿಲ್ಲವಷ್ಟೆ. ಆದುದರಿಂದ ನೀವು ಬಟ್ಟೆಯ ಮೇಲೆ ಚಿತ್ರ ಮೂಡಿಸುವ ಮ್ಯಾಜಿಕ್ ಲ್ಯಾಂಟರ್ನ್ ಹೊತ್ತು ನಿಡಘಟ್ಟಕ್ಕೆ ಬಂದಿರಿ.

ಚಾವಡಿಯ ಗೋಡೆಗೆ ನನ್ನ ಪಂಚೆಯನ್ನೇ ಕಟ್ಟಿದೆವು. ಸಂಜೆ ಹೊಲದಿಂದ ಬಂದವರು ಕೈಕಾಲು ತೊಳೆದುಕೊಂಡು ಕುಳಿತರು. ಮಿದುಳಿನ ಚಿತ್ರ ಮೂಡಿದೊಡನೆ ಬೀಗರ ಪಕ್ಕದ ಮನೆಯ ಅಂಕಮ್ಮ ಎದ್ದು ನಿಂತಳು.

"ಅಯ್ಯೋ, ನಮ್ ಮಂಗಳಂದೇ ಕಣಮ್ಮ! ಮೈಸೂರ್ಗೆ ಕರ್ಕೊಂಡೋಗಿ ತಗದ್ಬುಟ್ಟವ್ರೆ!"

"ತಗದ್ರೆ ಅವ್ಳು ಬದುಕಿದ್ದಾಳಾ? ಫೋಟೋ ಇಡ್ದವ್ರೆ, ಕೂತ್ಕೊ ಸುಮ್ಕೆ" ಎಂದು ಅವಳ ಗಂಡ ಅಂಕಯ್ಯ ಸೆರಗು ಜಗ್ಗಿದ.

ನಮ್ಮ ಜನ ಮೈಸೂರಿನಲ್ಲಿ ಫೋಟೋ ಹಿಡಿಸಿಕೊಂಡವರನ್ನು ಬಲ್ಲರು. ಮಂಗಳ ಮೈಸೂರಿಗೆ ಹೋಗಿ ಬಂದದ್ದನ್ನೂ ಬಲ್ಲರು. ಎರಡನ್ನೂ ಕೂಡಿಸಿಬಿಟ್ಟರು. ಪುಟ್ಟಮಾದಮ್ಮನವರು ಪಂಚೆಯ ಹತ್ತಿರ ಹೋಗಿ ಮೂಲೆ ಮೂಲೆಯನ್ನೂ ದಿಟ್ಟಿಸಿ, ಸಭೆಯ ಕಡೆ ತಿರುಗಿ ಹೇಳಿದರು: "ನೋಡ್ರಪ್ಪ. ಗಾಳಿ ಇದ್ದಿದ್ರೆ ಎಲ್ಲಾದ್ರೂ ಕಾಣ್ಬೇಕಿತ್ತು. ಇದ್ರಾಗೆ ಏನೂ ಇಲ್ಲ. ನನ್ ಸೊಸೆಗೆ ಗಾಳಿ ಇಲ್ಲ."

ಸಾಹೇಬರೇ, ಆಗ ನೀವು ಲ್ಯಾಂಟರ್ನಿನ ಹಿಂದಿನಿಂದ ನನ್ನನ್ನು ನೋಡಿದಿರಿ. ನಾನು ಸುಮ್ಮನಿದ್ದಿದ್ದರೆ ಮಗಳಿಗೆ ಮನೆಯೂ ಮಗುವೂ ಅದೇ ಕ್ಷಣದಲ್ಲಿ ದೊರೆಯುತ್ತಿದ್ದವು. ಸುಮ್ಮನಿರಬೇಕೆಂದೇ ನಾನು ನಿಶ್ಚಯಿಸಿದ್ದೆ. ಆದರೆ ನಾಳೆ ಅವಳಿಗೆ ಮತ್ತೆ ಮೂರ್ಛೆ ಬಂದರೆ, ಫೋಟೋ ತೆಗೆದಾಗ ಇಲ್ಲದ್ದು ಆಮೇಲೆ ಸೇರಿಕೊಂಡಿತೆಂದು ಇದೇ ಜನ ಹೇಳುವರೆಂಬುದು ಹೊಳೆಯಿತು. ಎದ್ದು ನಿಂತು, ಅದು ಮಂಗಳಳದಲ್ಲವೆಂದೂ ತೀರಿಹೋದ ಯಾರೋ ಒಬ್ಬರದೆಂದೂ ಹೇಳಿದೆ.

ಪುಟ್ಟಮಾದಮ್ಮನವರ ಮುಖ ಬಿಗಿಯಿತು. "ಅಂಗಾರೆ ಅವಳ್ದು ಬ್ಯಾರೆ ತರ ಇರ್ತದಾ?"

"ಇಲ್ಲ ತಾಯಿ" ಎಂದಿರಿ ನೀವು. "ಅವರದೂ ಹೀಗೇ, ನಿಮ್ಮದೂ ಹೀಗೇ, ನನ್ನದೂ ಹೀಗೇ. ಮಂಗಳಮ್ಮನವರದರಲ್ಲಿ ಎಲ್ಲೋ ಒಂದು ಕಡೆ ಚೂರು ಗಾಯ ಇರಬಹುದು ಅಂತ ಡಾಕ್ಟರು ಹೇಳ್ತಾರೆ. ಇನ್ನೂ ಹುಡುಕ್ತಾ ಇದ್ದಾರೆ."

"ಸಾಬ್ರದೂ ನಮ್ದೂ ಒಂದೇನಾ?"

"ಒಂದೇ ತಾಯಿ."

"ಬೀಗ್ರದು ವಸಿ ದೊಡ್ದಿರ್ಬೇಕು ಬುಡಿ. ತಿದ್ದಿದ್ದ ಊರೋರ ತಪ್ಪೆಲ್ಲ ಅದ್ರಾಗೇ ಮಡಗವ್ರೆ."

ಚಾವಡಿಯೇ ನಕ್ಕಿತು. ತಪ್ಪು ತಿದ್ದುವ ಉಪಾಧ್ಯಾಯನಾದಂದಿನಿಂದ ಜನ ನನ್ನನ್ನು ಕುರಿತು ನಕ್ಕು ನನಗೆ ಸಂತೋಷವಾದದ್ದು ಅದೊಂದೇ ಸಲ. ಆದರೆ ಆಕೆ ನಗಲಿಲ್ಲ. ಎಲ್ಲರೂ ಸುಮ್ಮನಾದ ಮೇಲೆ ಮೆಲ್ಲಗೆ ಕೇಳಿದರು: "ಮಗೀನ ಎತ್ಕೊಂಡಿದ್ದಾಗ ಬಿದ್ರೆ ಏನ್ ಮಾಡಾನ?"

ಅಷ್ಟು ದಿನ ಗಾಳಿ, ಗಾಳಿ ಎಂದದ್ದರ ಒಳಗೆ ಇದ್ದದ್ದು ಈ ಪ್ರಶ್ನೆ. ನೀವು ಮುಂದಿನ ಚಿತ್ರವನ್ನು ಹಾಕಲಿಲ್ಲ. ಲ್ಯಾಂಟರ್ನನ್ನು ಬಿಟ್ಟು ಬಂದು ಆಕೆಯ ಮುಂದೆ ಕುಳಿತು ಹೇಳಿದಿರಿ. ಮಗುವಿಗೆ ಚಾಪೆಯ ಮೇಲೆ ಕುಳಿತೇ ಹಾಲೂಡಿಸಲಿ. ನೀರೆರೆಯುವಾಗ ಇನ್ನೊಬ್ಬರಿರಲಿ. ಒಲೆ, ಬಾವಿ, ಆಲೆಮನೆಯ ಕೊಪ್ಪರಿಗೆ, ಇವುಗಳ ಬಳಿ ಒಬ್ಬಳನ್ನೇ ಬಿಡಬೇಡಿ. ಮೂರ್ಛೆ ಬಂದರೆ ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಬಟ್ಟೆ ಇಡಿ. ಕೈಗೆ ಏನೂ ಬೇಡ. ಆಕೆ ಕೇಳಿಸಿಕೊಂಡು, ಸೆರಗು ಹೊದ್ದು ಮನೆಗೆ ಹೋದರು. ನೀವು ಪೆಚ್ಚಾಗಿ ರೈಲು ಹತ್ತಿದಿರಿ.

ನೀವು ಕಾಣದ ಭಾಗ ಇಲ್ಲಿಂದ ಮುಂದಿನದು. ಮರುವಾರ ನಮ್ಮ ಬಾಗಿಲಲ್ಲಿ ನಿಡಘಟ್ಟದ ಗಾಡಿ ನಿಂತಿತು. ಬೀಗಿತಿ ಮಗುವನ್ನೆತ್ತಿಕೊಂಡು ಒಳಗೆ ಬಂದು, "ಏನವ್ವ, ಮಕ ನೋಡ್ತಾ ನಿಂತಿದ್ದೀಯ. ಚಾಪೆ ಆಸು, ಕೂತ್ಕೊ" ಎಂದರು. ಮಂಗಳ ಕುಳಿತಳು. ಆಕೆ ಮಗುವನ್ನು ಅವಳ ಮಡಿಲಿಗೆ ಹಾಕಿ, ತಾವೂ ಪಕ್ಕದಲ್ಲೇ ಕುಳಿತು, ಒಂದು ಕೈಯನ್ನು ಸೊಸೆಯ ಬೆನ್ನಿಗೆ ಆನಿಸಿದರು. ಮಗು ಮೊದಲು ಅತ್ತಿತು. ಆಮೇಲೆ ತಾಯಿಯ ಕಿವಿಯೋಲೆಯನ್ನು ಹಿಡಿದುಕೊಂಡಿತು. ಮಧ್ಯಾಹ್ನವೇ ಎಲ್ಲರೂ ನಿಡಘಟ್ಟಕ್ಕೆ ಹೊರಟರು.

ಮೊನ್ನೆ ಅವಳಿಗೆ ಒಮ್ಮೆ ಮೂರ್ಛೆ ಬಂದಿತಂತೆ. ಅಂಕಮ್ಮ ಕುಡುಗೋಲು ಹಿಡಿದು ಓಡಿಬಂದಾಗ ಪುಟ್ಟಮಾದಮ್ಮನವರು, "ಉಲ್ಲು ಕುಯ್ಯೋಗು" ಎಂದು ಗದರಿಸಿ, ತಮ್ಮ ಸೆರಗನ್ನೇ ಮಡಿಸಿ ಸೊಸೆಯ ತಲೆಯ ಕೆಳಗಿಟ್ಟರಂತೆ. ಇದನ್ನು ಬಂದು ಹೇಳಿದವನು ಅಳಿಯ. ಹೇಳುತ್ತ ಅತ್ತ.

ಸಂಘದ ಸದಸ್ಯರಿಗೆ, ಆ ವೈದ್ಯರಿಗೆ, ಕಾಲು ರೂಪಾಯಿ ಚಂದಾ ಕೊಟ್ಟ ಹೆಸರರಿಯದ ಮಂದಿಗೆ ನನ್ನ ಕೃತಜ್ಞತೆಯನ್ನು ತಿಳಿಸಿರಿ. ಸತ್ತ ಮೇಲೆ ತನ್ನ ಮಿದುಳನ್ನು ವೈದ್ಯರಿಗೆ ಒಪ್ಪಿಸಿ, ನಿಡಘಟ್ಟದ ಚಾವಡಿಯಲ್ಲಿ ನನ್ನ ಪಂಚೆಯ ಮೇಲೆ ಮೂಡಿದ ಆ ಪುಣ್ಯಾತ್ಮನಿಗೆ ಯಾವ ವಿಳಾಸಕ್ಕೆ ಬರೆಯಬೇಕೋ ತಿಳಿಯದು. ಮಳವಳ್ಳಿ ಸಂತೆಯಲ್ಲಿ ಸಂಘದವರು ಹಂಚಲಿರುವ ಕರಪತ್ರವನ್ನು ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಕೆಂಪು ಶಾಯಿ ಹೆಚ್ಚಾಗಿದ್ದರೆ ಮನ್ನಿಸಿರಿ.

ನಿಮ್ಮ ಋಣದಲ್ಲಿರುವುದೇ ಹಿತವೆಂದು ತಿಳಿದ,
ಹೊನ್ನಯ್ಯ
ನಿವೃತ್ತ ಉಪಾಧ್ಯಾಯ

ಮರುಬರಹ: ಇಲ್ಲಿಂದ ಮುಂದಿನದನ್ನು ಸಭೆಯಲ್ಲಿ ಓದಬೇಡಿ. ಅಂದು ಮಂಗಳ ಗಾಡಿ ಹತ್ತಿದ ಮೇಲೆ ಬೀಗಿತಿ ಎಲೆಅಡಿಕೆ ಚೀಲ ಮರೆತವರಂತೆ ಒಬ್ಬರೇ ಒಳಗೆ ಬಂದರು. "ಬೀಗ್ರೇ, ಆ ಸಾಬ್ರು ಯಲಿಯೂರ್ಗೂ ಬತ್ತಾರಾ? ನಮ್ಮಪ್ಪನ ಮನೇಲಿ ನನ್ ತಂಗಿ ಮಲ್ಲಿಗವ್ವ ಅವ್ಳೆ. ಸಣ್ಣೋಳಿದ್ದಾಗ ಮೂರ್ಚೆ ಬಂದು ಒಲೆ ಮ್ಯಾಲೆ ಬಿದ್ಲು. ಆವತ್ನಿಂದ ಇತ್ಲ ಕೋಣೇಲೇ ಮಡಗವ್ರೆ. ತಲೆ ನರೆತು ಓಗದೆ. ಊರೋರು ಅವ್ಳು ಸತ್ಲು ಅಂದ್ಕಂಡವ್ರೆ. ಚಿತ್ರ ಬ್ಯಾಡ, ಗುಳಿಗೆ ತರಾಕೇಳಿ" ಎಂದರು. ನಿಮ್ಮನ್ನು ಕೇಳದೆಯೇ ಬರುತ್ತಾರೆಂದು ಮಾತು ಕೊಟ್ಟಿದ್ದೇನೆ. ಬರುವ ಭಾನುವಾರ ಬೆಳಗಿನ ರೈಲಿಗೆ ಯಲಿಯೂರು ನಿಲ್ದಾಣದಲ್ಲಿ ನಾವಿಬ್ಬರೂ ಕಾದಿರುತ್ತೇವೆ. ವೈದ್ಯರನ್ನೂ ಕರೆತನ್ನಿ.