ರೈಲು ಕೂಗದೆ ಹೋದ ಮನೆ

ಸೆಪ್ಟೆಂಬರ್ 6, 1964, ಭಾನುವಾರ

ಮತ್ತೆ ಮ್ಯಾಕ್ಸ್‌ವೆಲ್ ಸ್ಟ್ರೀಟ್. ಅದೇ ಮುರುಕು ಕುರ್ಚಿ, ಪಕ್ಕದಲ್ಲಿ ಅದೇ ಕಾಲುಚೀಲ ಮಾರುವವನು. ಈರುಳ್ಳಿ ಹುರಿಯುವ ಹೊಗೆಗೆ ಕೆಮ್ಮು. ಜನ ಕೇಳುವುದೂ ಅದೇ — ರೈಲು ನುಡಿಸು. ಶಿಕಾಗೋದ ಈ ಬೀದಿಯಲ್ಲಿ ಥಿಯೋಟಿಸ್ ಮೇಬ್ರಿ ಎಂದರೆ ಮೌತ್ ಆರ್ಗನ್ನಿನ ರೈಲು, ಬೇರೇನಿಲ್ಲ. ಹೊರಡುತ್ತದೆ, ಓಡುತ್ತದೆ, ಸೇತುವೆ ದಾಟುತ್ತದೆ, ಆಮೇಲೆ ಒಂದು ಕಡೆ ಪೂರ್ತಿ ಮೌನ. ಒಂದು ಉಸಿರಿನಷ್ಟು. ಅಲ್ಲಿ ಹೆಂಗಸರು ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಮತ್ತೆ ರೈಲು.

ಟೋಪಿಯವನೊಬ್ಬ ಕೇಳಿದ, "ಅಣ್ಣಾ, ಈ ಟ್ಯೂನ್ ಎಲ್ಲಿಂದ ಬಂತು?"

"ಜೈಲಿಂದ" ಎಂದೆ. ಹೋದ ವಾರ ಇನ್ನೊಬ್ಬನಿಗೆ ಸತ್ತುಹೋದ ಹೆಂಡತಿಯಿಂದ ಎಂದಿದ್ದೆ. ಜೈಲು ಕಂಡವನಲ್ಲ. ಹೆಂಡತಿ ಆಗ ಮನೆಯಲ್ಲಿ ಬೀನ್ಸ್ ಬೇಯಿಸುತ್ತಿದ್ದಳು. ನಿಜ ಹೇಳಿದರೆ ಯಾರಿಗೂ ರುಚಿಸುವುದಿಲ್ಲ. ಮಿಸಿಸಿಪ್ಪಿಯಲ್ಲಿ ಪ್ಲೆಸ್ ಮಾವ ನುಡಿಸುವಾಗ ಕೇಳಿ ಕೇಳಿ ಹಿಡಿದದ್ದು. ಅವರು ಜನಕ್ಕೆ ಬೆನ್ನು ತಿರುಗಿಸಿ, ಎರಡೂ ಕೈ ಮುಚ್ಚಿ ನುಡಿಸುತ್ತಿದ್ದರು. ಯಾವ ತೂತು, ಊದಿದ್ದೋ ಎಳೆದದ್ದೋ, ಯಾರಿಗೂ ಕಾಣಬಾರದು. ಟ್ಯೂನ್ ಕದ್ದುಬಿಡುತ್ತಾರೆಂದು ಮೌತ್ ಆರ್ಗನ್ ನುಡಿಸುವ ನಮ್ಮವರೆಲ್ಲ ಹಾಗೇ. ನಾನೂ. ಹೀಗಾಗಿ ನಾನು ಹಿಡಿದದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಆ ಮೌನ ಈಗ ನನಗೇ ಬೇಕು. ಉಸಿರು ತೆಗೆದುಕೊಳ್ಳಲು ಬೇರೆ ಜಾಗವಿಲ್ಲ.

ಸೆಪ್ಟೆಂಬರ್ 9

ಕೆಮ್ಮು, ಉಬ್ಬಸಕ್ಕೆಂದು ಡಾಕ್ಟರ ಹತ್ತಿರ ಹೋಗಿದ್ದೆ. "ಊದೋದು ನಿಲ್ಸಿ, ಮಿಸ್ಟರ್ ಮೇಬ್ರಿ." ಅಷ್ಟು ವರ್ಷ ಕಸಾಯಿಖಾನೆಯ ಐಸ್ ಕೋಣೆಯಲ್ಲಿ ಹಂದಿ ಕತ್ತರಿಸಿದ್ದು ಏನೂ ಅಲ್ಲ, ತಪ್ಪೆಲ್ಲ ಮೌತ್ ಆರ್ಗನ್ನಿನದೇ!

ಹೆಂಡತಿ ವರ್ಲೀನ್‌ಗೆ ಹೇಳಿದೆ. "ನೀನದನ್ನ ಬಿಡ್ಬೇಕು ಅಂತ ದೇವ್ರನ್ನ ಕೇಳ್ಕೊಂಡಿದ್ದು ನಿಜ. ಆದ್ರೆ ಹಿಂಗಲ್ಲ ಕೇಳ್ಕೊಂಡಿದ್ದು" ಎಂದಳು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡುವವಳು. ಸೈತಾನನ ವಾದ್ಯ ಹೊಸ್ತಿಲು ದಾಟಕೂಡದು ಎಂದು ಮದುವೆಯ ದಿನವೇ ಹೇಳಿದ್ದಳು. ಅದು ಇವತ್ತಿಗೂ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕಾಫಿ ಡಬ್ಬಿಯಲ್ಲಿ ಮಲಗುತ್ತದೆ.

ಸಂಜೆ ಪ್ಲೆಸ್ ಮಾವನ ಮಗಳು ಒಡೆಸ್ಸಾಳ ಫೋನ್. "ಅಪ್ಪ ಹಾಸಿಗೆ ಹಿಡ್ದಿದ್ದಾರೆ. ನೋಡೋದಾದ್ರೆ ಈಗ್ಲೇ ಬನ್ನಿ."

ಹೋಗಲೇಬೇಕು. ಎದುರು ಕೂತು ಒಮ್ಮೆ ನುಡಿಸಿ 'ಸರಿ' ಅನ್ನಿಸಿಕೊಳ್ಳಬೇಕು. ಅದೊಂದಾದರೆ ಡಬ್ಬಿ ಮುಚ್ಚಿಬಿಡುತ್ತೇನೆ.

ಸೆಪ್ಟೆಂಬರ್ 16, ರೈಲಿನಲ್ಲಿ

ವರ್ಲೀನ್ ಬೂಟಿನ ಡಬ್ಬಿಯಲ್ಲಿ ಹುರಿದ ಕೋಳಿ ಕಟ್ಟಿಕೊಟ್ಟಳು. ಈಗ ನಾವು ಕರಿಯರೂ ಬಿಳಿಯರ ಜೊತೆ ಊಟದ ಬೋಗಿಯಲ್ಲೇ ಕೂರಬಹುದು, ಕಾನೂನು ಬಂದಿದೆ ಎಂದೆ. "ಕಾನೂನು ಇನ್ನೂ ಈಗ ಹೊರಟಿದೆ. ಮಿಸಿಸಿಪ್ಪಿ ಮುಟ್ಟೋದು ಯಾವಾಗ್ಲೋ. ಕೋಳಿ ತಗೊಂಡ್ ಹೋಗು."

ತಗೊಂಡೆ. ಸುಸ್ತು. ನಿದ್ದೆ ಬರುತ್ತಿಲ್ಲ.

ಸೆಪ್ಟೆಂಬರ್ 17

ಪ್ಲೆಸ್ ಮಾವ ಇಷ್ಟೇ ಇಷ್ಟಾಗಿದ್ದಾರೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಕಿವಿ ಮಾತ್ರ ಚುರುಕು. ಹಾಸಿಗೆ ಪಕ್ಕ ಕೂತು, ಕೈ ಮುಚ್ಚದೆ, ಮುಖ ನೋಡುತ್ತಾ ನುಡಿಸಿದೆ. ಸೇತುವೆ ದಾಟಿತು. ಮೌನ ಬಂತು. ಅವರು ತಲೆ ಎತ್ತಿದರು.

"ಯಾಕ್ಲಾ ನಿಲ್ಲಿಸ್ಬುಟ್ಟೆ?"

"ನೀವು ನಿಲ್ಲಿಸ್ತಿದ್ರಲ್ಲ ಮಾವ, ಅಲ್ಲೇ."

"ನಾನೆಲ್ಲಿ ನಿಲ್ಲಿಸ್ತಿದ್ದೆ! ಉಸ್ರು ಎಳೀತಾನೇ ಇದ್ದೆ ಕಣ್ಲಾ. ಆ ತೂತಿನ ರೀಡು, ಅದೇ ಒಳಗೆ ಸದ್ದು ಮಾಡೋ ತಗಡು, ಮುರ್ದೋಗಿತ್ತು. ಹೊಸ್ದು ತರಕ್ಕೆ ಕಾಸೆಲ್ಲಿತ್ತು? ತಂದಾಗ ನೀನು ಶಿಕಾಗೋ ಸೇರ್ಕೊಂಡಿದ್ದೆ." ನಕ್ಕು ನಕ್ಕು ಕೆಮ್ಮಿದರು. ಒಡೆಸ್ಸಾ ಓಡಿ ಬಂದಳು.

ಮುರಿದ ರೀಡು. ಅದಕ್ಕೆ ಇಷ್ಟು ವರ್ಷ ಹೆಂಗಸರು ಎದೆ ಮುಟ್ಟಿಕೊಂಡರು! ನನಗೂ ನಗು ಬಂತು. ಆಮೇಲೆ ಬರಲಿಲ್ಲ. ಯಾಕೆಂದರೆ ಅವರು ಉಳಿದದ್ದನ್ನು ಹೇಳಿದರು. ಆರೆಂಜ್ ಎಂಬ ಅವರ ಅಣ್ಣ ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದನಂತೆ. ಸೇತುವೆ ದಾಟಿದ ಮೇಲೆ ಅವರಮ್ಮನ ಗುಡಿಸಲು. ಅಲ್ಲಿ ಮಾತ್ರ ಬಿಳಿ ಡ್ರೈವರ್ ಸಿಳ್ಳಿನ ಹಗ್ಗವನ್ನು ಆರೆಂಜನ ಕೈಗೆ ಕೊಡುತ್ತಿದ್ದ. ಅವನು ಉದ್ದಕ್ಕೆ ಎಳೆದು, ಇಳಿಸಿ, ಕೊನೆಯಲ್ಲಿ ಚೂರು ಎತ್ತಿ ಕೂಗಿಸುತ್ತಿದ್ದ. ಬದುಕಿದ್ದೀನಮ್ಮಾ ಎಂದು. ಅಮ್ಮ ಬಾಗಿಲಿಗೆ ಬಂದು ಏಪ್ರನ್ ಎತ್ತಿ ಬೀಸುತ್ತಿದ್ದಳು. ಟ್ಯೂನ್ ಕಟ್ಟಿದ್ದೇ ಆ ಕೂಗಿಗಾಗಿ.

"ನಮ್ಮವ್ವನ ಮನೆ ಮುಂದೆ ಇಷ್ಟು ವರ್ಷ ರೈಲ್ನ ಸುಮ್ನೆ ಓಡಿಸ್ಬುಟ್ಯಲ್ಲೋ ಥಿಯೋಟಿಸ್."

ಕೂಗನ್ನು ಹಲ್ಲಿಲ್ಲದ ಬಾಯಲ್ಲೇ ಗುನುಗಿ ಕಲಿಸಿದರು. "ನನ್ ಕೈಲಿ ಆಗಲ್ಲ. ಒಂದ್ಸಲ ಪೂರ್ತಿ ಕೂಗ್ಸು. ಕೇಳ್ಕೊಂಡು ಹೋಗ್ತೀನಿ."

ಅಲ್ಲೇ ಎಳೆದೆ. ಅರ್ಧಕ್ಕೆ ಉಸಿರು ಕಡಿದುಹೋಯಿತು. ಮತ್ತೆ ಎಳೆದೆ. ಮತ್ತೆ. ಒಡೆಸ್ಸಾ ನೀರು ತಂದುಕೊಟ್ಟಳು. ಅವರೆದುರು ಅಳಬಾರದೆಂದು ಹೊರಗೆ ಹೋದೆ.

ಸೆಪ್ಟೆಂಬರ್ 27, ಭಾನುವಾರ

ಅಭ್ಯಾಸವಾಗಲೆಂದು ಬೀದಿಯಲ್ಲೇ ಕೂಗಿಸಲು ನೋಡಿದೆ. ಕರುವಿನ ಸದ್ದು ಬಂತು.

"ಏನಯ್ಯಾ, ಅಲ್ಲಿ ನಿಲ್ಲಿಸ್ಬೇಕಲ್ವಾ? ಹಾಳ್ ಮಾಡ್ಬಿಟ್ಯಲ್ಲ!" ಯಾರೋ ಕಿರುಚಿದರು.

ಕಾಲುಚೀಲದವನು, "ನಿನ್ ರೈಲು ನಿಂಗೇ ಮರ್ತೋಯ್ತಾ, ಮುದುಕಪ್ಪಾ?"

ಮರೆತಿಲ್ಲ, ಈಗಷ್ಟೇ ಗೊತ್ತಾಗಿದೆ ಎಂದು ಯಾರಿಗೆ ಹೇಳಲಿ. ಕುರ್ಚಿ ಮಡಚಿ ಬಂದೆ.

ಅಕ್ಟೋಬರ್ 10

ಆಗುತ್ತಿಲ್ಲ. ಸಣ್ಣ ಸ್ವರದ್ದು, ದೊಡ್ಡ ಸ್ವರದ್ದು, ಎಲ್ಲ ಮೌತ್ ಆರ್ಗನ್ ನೋಡಿದ್ದಾಯಿತು. ತಪ್ಪು ವಾದ್ಯದ್ದಲ್ಲ. ಗಡ್ಡ ಬೋಳಿಸಿಕೊಳ್ಳುವಾಗಲೂ ಆ ಕೂಗನ್ನೇ ಗುನುಗುತ್ತಿರುತ್ತೇನಂತೆ. ಆರೆಂಜನ, ಅವನಮ್ಮನ ಕಥೆಯನ್ನೆಲ್ಲ ನನ್ನಿಂದ ಕೇಳಿದ್ದ ವರ್ಲೀನ್ ರೇಗಿದಳು: "ತಲೇಲಿ ಕೂತ್ಬಿಟ್ಟಿದೆ ನಂಗೂ! ನಿನ್ನೆ ಪ್ರಾರ್ಥನೆ ಮಧ್ಯೆ ಬಂತು ಗೊತ್ತಾ?"

ಒಡೆಸ್ಸಾಳ ಫೋನ್. ಮಾವ ಈಗ ಗಂಜಿಯನ್ನೂ ಬಿಟ್ಟಿದ್ದಾರೆ. ಕೂಗು ಬಂತಾ ಎಂದು ಕೇಳುತ್ತಾರಂತೆ. ನನಗೆ ನನ್ನ ಮೇಲೇ ಸಿಟ್ಟು.

ಡೀಕನ್ ಸಿಮ್ಸ್‌ಗೆ ಎಲ್ಲ ಹೇಳಿಕೊಂಡೆ. ಚರ್ಚಿನ ಹಿರಿಯ, ಆದರೆ ಭಾನುವಾರ ಬೀದಿಯಲ್ಲಿ ಕಂಬದ ಹಿಂದೆ ನಿಂತು ನನ್ನ ರೈಲು ಕೇಳುವವ. "ಚರ್ಚಲ್ಲಿ ಬೋಧನೆ ರೆಕಾರ್ಡ್ ಮಾಡೋ ಟೇಪ್ ಮೆಷಿನ್ ಇದ್ಯಲ್ಲ ಬ್ರದರ್. ತುಂಬಾ ಸಲ ನುಡಿಸಿ. ಒಂದಾದ್ರೂ ನೆಟ್ಟಗೆ ಬರುತ್ತೆ. ಅದನ್ನೇ ಫೋನಲ್ಲಿ ಕೇಳ್ಸಣ. ಸಿಸ್ಟರ್ ವರ್ಲೀನ್‌ಗೆ ಮಾತ್ರ ಇದು ನನ್ ಉಪಾಯ ಅಂತ ಹೇಳ್ಬೇಡಿ."

ಅಕ್ಟೋಬರ್ 17, ಶನಿವಾರ

ಹಿಂದಿನ ಮೆಟ್ಟಿಲ ಮೇಲೆ ಡೀಕನ್, ನಾನು, ಮೆಷಿನ್. ಜಾಲರಿ ಬಾಗಿಲಾಚೆ ವರ್ಲೀನ್ ಪಾತ್ರೆ ತೊಳೆಯುತ್ತಿದ್ದಳು. ಡೀಕನ್ನನ್ನು ನೋಡಿದ ಮೇಲೆ ಪಾತ್ರೆಗಳ ಸದ್ದು ಜಾಸ್ತಿಯಾಯಿತು.

ಎಷ್ಟು ಸಲ ನುಡಿಸಿದೆನೋ. ಪ್ರತಿ ಸಲ ಅಲ್ಲಿಗೆ ಬಂದು ಸಾಯುತ್ತದೆ. ಟೇಪು ಮುಗಿಯುತ್ತಾ ಬಂತು. ಇದೇ ಕೊನೆ ಎಂದರು ಡೀಕನ್. ಹೊರಟೆ. ಸೇತುವೆ ದಾಟಿದೆ. ಎಳೆಯಲು ನೋಡಿದೆ, ಗಾಳಿಯೇ ಇಲ್ಲ. ಮತ್ತೆ ಅದೇ ಮೌನ. ಕಣ್ಣು ಮುಚ್ಚಿಕೊಂಡೆ.

ಅಡುಗೆಮನೆಯಿಂದ ಕೂಗಿತು.

ವರ್ಲೀನ್. ಉದ್ದಕ್ಕೆ, ಇಳಿದು, ಕೊನೆಯಲ್ಲಿ ಚೂರು ಎದ್ದು. ನನ್ನ ಟ್ಯೂನಿನ ಒಂದು ಸ್ವರವನ್ನೂ ಬಾಯಲ್ಲಿ ತಾರದವಳು ಚರ್ಚಿನ ಪೂರ್ತಿ ಗಂಟಲಿನಲ್ಲಿ ಹಾಡಿದಳು. ಅವಳು ಮುಗಿಸುವಷ್ಟರಲ್ಲಿ ನನಗೆ ಉಸಿರು ಬಂದಿತ್ತು. ರೈಲನ್ನು ಮುಂದೆ ಓಡಿಸಿದೆ.

ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಹಂಗೇನ್ ನೋಡ್ತೀಯ? ಆ ತಾಯಿ ಬಾಗ್ಲಲ್ಲಿ ಕಾಯ್ತಿರ್ತಾಳಲ್ಲ... ಡೀಕನ್, ಆಫ್ ಮಾಡಿ ಅದನ್ನ. ಚರ್ಚಿನ ಟೇಪು."

ಅಕ್ಟೋಬರ್ 18, ಭಾನುವಾರ, ಬೆಳಿಗ್ಗೆ

ಒಡೆಸ್ಸಾ ರಿಸೀವರನ್ನು ಮಾವನ ಕಿವಿಗೆ ಹಿಡಿದಳು. ನಾವು ಈ ಕಡೆ ಮೆಷಿನ್ನಿಗೆ ಹಿಡಿದೆವು. ಸೇತುವೆ ದಾಟಿತು. ಕೂಗಿತು. ನಾನು ಬಗ್ಗಿ ಕಿವಿ ಕೊಟ್ಟೆ. ತುಂಬಾ ದೂರದಿಂದ, ಹಲ್ಲಿಲ್ಲದ ಬಾಯಿ —

"ಅಗೋ. ಅವ್ವ ಬಾಗ್ಲಿಗೆ ಬಂದ್ಳು."

ಅಷ್ಟೇ. ರೈಲು ಮುಗಿಯುವವರೆಗೂ ಬರೀ ಅವರ ಉಸಿರು.

ಚರ್ಚಿಗೆ ಹೊತ್ತಾಯಿತು. ಕಾಫಿ ಡಬ್ಬಿ ಮೆಟ್ಟಿಲ ಮೇಲಿಲ್ಲ. ಹುಡುಕಿದೆ. ಒಳಗೆ, ಅಡುಗೆಮನೆ ಕಪಾಟಿನಲ್ಲಿ, ಅವಳ ಹಾಡಿನ ಪುಸ್ತಕದ ಪಕ್ಕ... ವರ್ಲೀನ್ ಕರೆಯುತ್ತಿದ್ದಾಳೆ, ಮತ್ತೆ ಫೋನ್ ಬಡಿದುಕೊಳ್ಳುತ್ತಿದೆಯಂತೆ, ಒಡೆಸ್ಸಾ ಇರಬೇಕು, ಹೋಗಿ ಬಂದು ಬರೆಯುತ್ತೇನೆ.