ಮಡಿಚಿದ ಮೂಲೆಗಳು

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ

ಹುಡುಗಿ ಸ್ಕೂಲಿಗೆ ಹೋದಳು. ಬಟ್ಟೆ ನೆನೆಹಾಕಿದೆ. ಟೀ ಕುಡಿದೆ. ಆಮೇಲೆ ಅವಳ ಕೋಣೆಗೆ ಹೋಗಿ ದಿಂಬಿನ ಕೆಳಗಿನಿಂದ ಪುಸ್ತಕ ಎಳೆದುಕೊಂಡೆ. ನಿನ್ನೆಯೂ ಇದೇ ಕೆಲಸ. ಈ ವಯಸ್ಸಿನಲ್ಲಿ ಕಳ್ಳತನ ಕಲಿತೆ.

ತಪ್ಪು ನನ್ನದೊಂದೇ ಅಲ್ಲ. ಹೋದ ವಾರ ಊಟಕ್ಕೆ ಕೂತಾಗಲೂ ತಟ್ಟೆ ಪಕ್ಕ ಅದನ್ನೇ ಇಟ್ಟುಕೊಂಡು ಓದುತ್ತಿದ್ದಳು. ಏನಮ್ಮ ಕಥೆ ಅಂತ ಕೇಳಿದೆ. ತಲೆ ಎತ್ತಲಿಲ್ಲ. "ಒಬ್ಳು ಮಲತಾಯಿ ಕಥೆ" ಅಂದಳು.

ಮದುವೆಯಾಗಿ ಇನ್ನೂ ಎಂಟೇ ತಿಂಗಳು. ಇವರ ಮೊದಲ ಹೆಂಡತಿಯ ಮಗಳು ಅವಳು, ಹದಿನೈದು ವರ್ಷ. ಇವರು ದೂರದೂರಿನ ಬಸ್ಸಿನ ಡ್ರೈವರ್, ಶನಿವಾರ ಭಾನುವಾರ ಬಿಟ್ಟರೆ ಮನೆಯಲ್ಲಿ ನಾನು, ಅವಳು, ಫ್ರಿಡ್ಜಿನ ಗುರ್ರ್ ಸದ್ದು. ನನ್ನನ್ನು ಏನೂ ಕರೆಯುವುದಿಲ್ಲ. ಬೇಕಾದಾಗ ಎದುರು ಬಂದು ನಿಂತು "ಇಲ್ನೋಡಿ" ಅನ್ನುತ್ತಾಳೆ. ಜಗಳವಿಲ್ಲ, ಎದುರುತ್ತರವಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಒಳಗೆ ಏನಿದೆ ಅಂತ ಬಿಟ್ಟುಕೊಡುವುದೇ ಇಲ್ಲ. ನನ್ನ ಬಗ್ಗೆ ಏನು ಯೋಚಿಸುತ್ತಾಳೆ? ಪುಸ್ತಕದಲ್ಲಾದರೂ ಸುಳಿವು ಸಿಗುತ್ತದೇನೋ ಅಂತ ಆಸೆ.

ಸಿಕ್ಕಿದ್ದು ತಲೆನೋವು. ಕಥೆಯ ಹುಡುಗಿಯೇ 'ನಾನು ನಾನು' ಅಂತ ಹೇಳಿಕೊಂಡು ಹೋಗುತ್ತಾಳೆ. ತಾಯಿ ತೀರಿಕೊಂಡ ಮೇಲೆ ಅಪ್ಪ ಇನ್ನೊಬ್ಬಳನ್ನು ಮನೆಗೆ ತರುತ್ತಾನೆ. ಅವಳು ಬಂದಮೇಲೆ ಸಾಮಾನು ತಾನಾಗಿ ಜಾಗ ಬದಲಾಯಿಸುತ್ತದೆ. ಬಾಚಣಿಗೆ. ಬೀಗದ ಕೀ. ಮಾಡುತ್ತಿರುವುದು ಮಲತಾಯಿಯೋ, ಹುಡುಗಿಗೇ ತಲೆ ಕೆಟ್ಟಿದೆಯೋ? ಒಂದು ಪುಟದಲ್ಲಿ ಹೌದು ಅಂದದ್ದನ್ನು ಇನ್ನೊಂದರಲ್ಲಿ ಇಲ್ಲ ಅನ್ನುತ್ತಾಳೆ. ಸೈಕಲಾಜಿಕಲ್ ಮಿಸ್ಟರಿ ಅಂತೆ, ಹಿಂದಿನ ರಟ್ಟಿನ ಮೇಲೆ ಬರೆದಿದೆ. ಯುವ ಓದುಗರಿಗೆ ಅಂತೆ. ನಮಗೆ ಅರ್ಥವಾಗಬಾರದು ಅಂತಲೇ ಬರೆದಿರಬೇಕು.

ಪುಟಗಳನ್ನು ಅಲ್ಲಲ್ಲಿ ಮಡಿಚಿ ಹಾಳು ಮಾಡಿದ್ದಾಳೆ. ಹೊಸ ಪುಸ್ತಕ, ಅಕ್ಕರೆಯೇ ಇಲ್ಲ.

ಇದ್ದ ಹಾಗೇ ವಾಪಸ್ ಇಟ್ಟೆ. ಎಲ್ಲಿವರೆಗೆ ಓದಿದ್ದಾಳೆ ಅನ್ನುವ ಗುರುತಿಗೆ ಸಿಕ್ಕಿಸಿದ ಬಸ್ ಟಿಕೆಟ್ ಅದೇ ಪುಟದಲ್ಲಿ, ಅದೇ ಓರೆಯಲ್ಲಿ. ಲಾಂಡ್ರಿಯಲ್ಲಿ ಕೆಲಸ ಮಾಡುವ ಕೈ ಇದು. ಗಿರಾಕಿ ಜೇಬಲ್ಲಿ ಸಿಕ್ಕ ಚೀಟಿಯನ್ನು ಅದೇ ಜೇಬಿಗೆ ಹಾಕಿ ಕೊಡುವವಳು ನಾನು. ಯಾರಪ್ಪನಿಗೂ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಕಥೆಯ ಮಲತಾಯಿ ದಿನಾ ಮಲಗುವ ಮುಂಚೆ ಹುಡುಗಿಗೆ ಬಿಸಿ ಹಾಲು ಕೊಡುತ್ತಾಳಂತೆ. ಅದರಲ್ಲಿ ಏನಾದರೂ ಬೆರೆಸುತ್ತಾಳಾ? ಬರೆದವಳು ಬಾಯಿ ಬಿಡುವುದಿಲ್ಲ. ನಾನೂ ದಿನಾ ಹಾಲು ಕೊಡುತ್ತೇನಲ್ಲ! ಬೆಳೆಯುವ ಹುಡುಗಿ, ಕಡ್ಡಿ ಹಾಗಿದ್ದಾಳೆ ಅಂತ. ಮೊನ್ನೆಯಿಂದ ಅರ್ಧ ಲೋಟ ಹಾಗೇ ಬಿಡುತ್ತಿದ್ದಳು...

ಇವತ್ತು ಕೊಡಲಿಲ್ಲ. "ಹಾಲಿಲ್ವಾ?" ಅಂತ ಅವಳೇ ಕೇಳಿದಳು. "ಒಡೆದೋಯ್ತು" ಅಂದೆ. ಹೋಗಿ ಫ್ರಿಡ್ಜ್ ತೆಗೆದಳು. ಪಾತ್ರೆ ತುಂಬ ಹಾಲು, ಕೆನೆ ಕಟ್ಟಿಕೊಂಡು ಕೂತಿದೆ. ಹಾಲನ್ನು ನೋಡಿದಳು, ನನ್ನನ್ನು ನೋಡಿದಳು, ಕೋಣೆಗೆ ಹೋದಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸೆಪ್ಟೆಂಬರ್ 5, ಶುಕ್ರವಾರ

ಮುಂದಿನ ಅಧ್ಯಾಯದ ಮೊದಲ ಸಾಲು — ಇದ್ದಕ್ಕಿದ್ದ ಹಾಗೆ ಹಾಲು ನಿಂತುಹೋಯಿತು!

ಕರ್ಮ ಕರ್ಮ. ಕೊಟ್ಟರೂ ತಪ್ಪು, ಬಿಟ್ಟರೂ ತಪ್ಪು. ಈ ಪುಸ್ತಕ ಬರೆದವಳು ನಮ್ಮ ಅಡುಗೆಮನೆ ಕಿಟಕಿಯಲ್ಲಿ ಇಣುಕುತ್ತಿದ್ದಾಳಾ?

ಸೆಪ್ಟೆಂಬರ್ 9, ಮಂಗಳವಾರ

ಮಳೆ. ಅವಳು ಛತ್ರಿ ಬಿಟ್ಟು ಹೋಗಿದ್ದಳು. ಓನರಮ್ಮನಿಗೆ ಹೇಳಿ ಲಾಂಡ್ರಿಯಿಂದ ಅರ್ಧ ಗಂಟೆ ಬೇಗ ಹೊರಟು ಸ್ಕೂಲಿನ ಗೇಟಿಗೆ ಹೋದೆ. ನಿಂತ ಮೇಲೆ ನೆನಪಾಯಿತು. ಬೆಳಿಗ್ಗೆ ಓದಿದ್ದು ಇದನ್ನೇ. ಕಥೆಯ ಆ ಹೆಂಗಸು ಛತ್ರಿ ಹಿಡಿದು ಗೇಟಿನ ಹತ್ತಿರ ನಗುತ್ತಾ ನಿಂತಿರುತ್ತಾಳೆ. ಆ ನಗು ಕಂಡರೇ ಹುಡುಗಿಗೆ ಮೈ ಜುಮ್ಮೆನ್ನುತ್ತದೆ.

ಸರಿ, ನಗಲೇಬಾರದು ಅಂತ ಮುಖ ಬಿಗಿಹಿಡಿದು ನಿಂತೆ. ಅವಳ ಜೊತೆಗಿದ್ದ ಗೆಳತಿ "ನಿಮ್ಮಮ್ಮ ಯಾಕೆ ಸಿಟ್ಟಾಗಿದ್ದಾರೆ?" ಅಂದದ್ದು ಕೇಳಿಸಿತು. "ಏನೋ ಗೊತ್ತಿಲ್ಲ ಕಣೆ" ಅಂದಳು ಇವಳು. ನಿಮ್ಮಮ್ಮ ಅಂದದ್ದನ್ನು ತಿದ್ದಲಿಲ್ಲ. ಗಮನಿಸಲಿಲ್ಲವೋ, ಬೇಕಂತಲೇ ಬಿಟ್ಟಳೋ? ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಒಂದೇ ಛತ್ರಿ, ಇಬ್ಬರದೂ ಒಂದೊಂದು ಭುಜ ಒದ್ದೆ.

ಸೆಪ್ಟೆಂಬರ್ 11, ಗುರುವಾರ. ಸಂಜೆ

ಅಕ್ಷರ ಸೊಟ್ಟಗಾಗುತ್ತಿದೆ.

ಸೊಪ್ಪು ಬಿಡಿಸುತ್ತಿದ್ದೆ. ಬಂದು ನಿಂತಳು. ಮುಖ ಬಿಳಚಿಕೊಂಡಿತ್ತು.

"ಇಲ್ನೋಡಿ. ನಾನು ನಿದ್ದೇಲಿ ಎದ್ದು ಓಡಾಡ್ತೀನಾ?"

"ಯಾಕಮ್ಮ?"

"ಓಡಾಡ್ತೀನಾ ಇಲ್ವಾ, ಹೇಳಿ."

"ಇಲ್ಲಪ್ಪ... ನಾನು ನೋಡಿಲ್ಲ."

"ಮತ್ತೆ ನಾನು ಮಾಡಿದ್ದು ಮಾಡಿದ ಹಾಗೆ ಯಾಕಿರಲ್ಲ? ಮಾಡಿರ್ತೀನಿ. ಆಮೇಲೆ ನೋಡಿದ್ರೆ ಇರಲ್ಲ. ಒಂದ್ಸಲ ಅಲ್ಲ, ದಿನಾ."

ಏನು ಮಾಡಿದ್ದು, ಏನು ಇರಲ್ಲ ಅಂತ ಕೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದದ್ದು ಕೇಳಿಸಿತು. ಇಷ್ಟು ದಿನ ಚಿಲಕ ಹಾಕಿದವಳಲ್ಲ.

ನಾನೇನಾದರೂ...? ಇಲ್ಲ. ಪುಸ್ತಕ ಒಂದು ಬಿಟ್ಟು ಅವಳದು ಒಂದು ಪೆನ್ನೂ ಮುಟ್ಟಿಲ್ಲ. ಪುಸ್ತಕವೂ ಇಟ್ಟ ಹಾಗೇ ಇಟ್ಟಿದ್ದೇನೆ, ಟಿಕೆಟ್ ಸಮೇತ. ಆಣೆ ಮಾಡಿ ಹೇಳುತ್ತೇನೆ. ಹಾಗಾದರೆ ಈ ಮಗುವಿಗೆ ಏನಾಗುತ್ತಿದೆ? ಕಥೆಯ ಹುಡುಗಿಯೂ ಹೀಗೇ ಕೇಳುತ್ತಾಳೆ, ನಿದ್ದೆಯಲ್ಲಿ ಓಡಾಡುತ್ತೀನಾ ಅಂತ. ಓದಿ ಓದಿ ತಲೆಗೆ ಹತ್ತಿಸಿಕೊಂಡಳಾ? ಇಲ್ಲಾ ನನ್ನನ್ನು ಆಡಿಸುತ್ತಿದ್ದಾಳಾ, ಬೇಕಂತಲೇ? ಹಾಗಂದುಕೊಂಡ ಮರುಕ್ಷಣವೇ ನಾಚಿಕೆಯಾಯಿತು. ಆ ಮುಖ ನಾಟಕದ್ದಲ್ಲ.

ಸೆಪ್ಟೆಂಬರ್ 13, ಶನಿವಾರ

ಇವರು ಬಂದರು. ಸ್ನಾನ ಮಾಡಿ ಕೂತವರೇ, "ಗುಬ್ಬಿ ಅಜ್ಜಿ ಮನೆಗೆ ಹೋಗ್ತೀನಿ ಅಂತಿದ್ದಾಳೆ" ಅಂದರು. ಮಗಳನ್ನು ಅವರು ಕರೆಯುವುದೇ ಗುಬ್ಬಿ ಅಂತ. ಅಜ್ಜಿ ಅಂದರೆ ಅವಳನ್ನು ಹೆತ್ತವಳ ತಾಯಿ, ನಾಲ್ಕು ಸ್ಟಾಪ್ ಆಚೆ ಇರುವವರು.

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ. ಇಲ್ಲಿ ಏನೋ ಸರಿಯಿಲ್ಲ, ಯಾರೋ ಏನೋ ಮುಟ್ತಾರೆ ಅಂತಾಳೆ. ನೀನೇನಾದ್ರೂ ಅಂದ್ಯಾ?"

"ನಾನ್ಯಾಕೆ ಅನ್ಲಿ! ನಾನು ಉಸಿರು ಬಿಡೋಕೂ ಹೆದರ್ಕೊಂಡು ಬಿಡ್ತೀನಿ ಈ ಮನೇಲಿ" ಅಂತ ರೇಗಿದೆ. ಪಕ್ಕದ ಕೋಣೆಗೆ ಕೇಳಿಸಿರಬೇಕು. ಕೇಳಿಸಲಿ ಅಂತಲೇ ಅಂದೆನಾ? ಗೊತ್ತಿಲ್ಲ.

ನಾಳೆ ಬೇಡ, ಮುಂದಿನ ಭಾನುವಾರ ಕಳಿಸುವುದು ಅಂತಾಯಿತು. ಒಮ್ಮೆ ಹೋದವಳು ವಾಪಸ್ ಬರುತ್ತಾಳಾ? ಬರುವುದಿಲ್ಲ. ನನಗೇನು ಅವಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು? ಆದರೂ ನನಗೆ ಅವಳು ಬೇಕು. ಯಾರ ಹತ್ತಿರ ಹೇಳಲಿ ಇದನ್ನ?

ಸೆಪ್ಟೆಂಬರ್ 15, ಸೋಮವಾರ

ಗೊತ್ತಾಯಿತು. ಅಯ್ಯೋ ಗೊತ್ತಾಯಿತು!

ಮಧ್ಯಾಹ್ನ ಲಾಂಡ್ರಿಯಲ್ಲಿ ಟೀ ಹೊತ್ತು. ಕೌಂಟರ್ ಮೇಲೆ ಓನರಮ್ಮನ ವಾರಪತ್ರಿಕೆ ಬಿದ್ದಿತ್ತು. ತಿರುವುತ್ತಾ ಕೂತಿದ್ದೆ. ಮನಸ್ಸು ಎಲ್ಲೋ ಇತ್ತು. ಓನರಮ್ಮ ಬಂದವರೇ ಕಿರುಚಿಕೊಂಡರು.

"ಏನೇ ಮಾಡ್ದೆ ಇದು? ಬ್ಲೌಸ್ ಡಿಸೈನ್ ಇರೋ ಪುಟಾನೆಲ್ಲ ಗುರುತಿಗೆ ಅಂತ ಮೂಲೆ ಮಡಿಚಿಟ್ಟಿದ್ದೆ. ಎಲ್ಲಾನೂ ಇಸ್ತ್ರಿ ಹೊಡೆದುಬಿಟ್ಟೆಯಲ್ಲೇ ಮಹರಾಯ್ತಿ!"

ನೋಡಿಕೊಂಡೆ. ನನ್ನ ಹೆಬ್ಬೆರಳು ಇನ್ನೂ ಒಂದು ಮೂಲೆಯ ಮೇಲಿತ್ತು. ಮಡಿಕೆ ಬಿಡಿಸಿ, ಉಗುರಿನಿಂದ ಗೀರಿ ಸಪಾಟು ಮಾಡುತ್ತಿತ್ತು, ತಾನೇ ತಾನಾಗಿ. ಕಾಲರ್ ತುದಿ ಕಂಡರೆ ಮಾಡುವ ಹಾಗೆ. ಸುಕ್ಕು ಕಂಡ ಕಡೆ ಈ ಕೈ ಸುಮ್ಮನಿರುವುದಿಲ್ಲ, ನನ್ನನ್ನು ಕೇಳುವುದೂ ಇಲ್ಲ.

"ಯಾಕೆ, ದೆವ್ವ ಕಂಡೋರ ಹಾಗೆ ನೋಡ್ತಿದ್ದೀಯ?" ಅಂದರು ಓನರಮ್ಮ. "ನಾನೇ ಅದು" ಅಂದೆ. ಅವರಿಗೆ ಏನು ಅರ್ಥವಾಯಿತೋ, ಬೇಗ ಮನೆಗೆ ಹೋಗು ಅಂದರು.

ದಿನಾ ಅವಳು ಪುಸ್ತಕದ ಮೂಲೆ ಮಡಿಚಿದ್ದಾಳೆ. ದಿನಾ ನಾನು ಬಿಡಿಸಿದ್ದೇನೆ. ಪಾಪದ ಕೂಸು, ಮಡಿಚಿದ್ದೆನಾ ಇಲ್ಲವಾ ಅಂತ ತನ್ನನ್ನೇ ನಂಬದ ಹಾಗಾಗಿ, ನಿದ್ದೆಯಲ್ಲಿ ಓಡಾಡುತ್ತೀನಾ ಅಂತ ಬಂದು ಕೇಳಿದ್ದು ಯಾರನ್ನ? ನನ್ನನ್ನೇ!

ಹೇಳಲೇಬೇಕು. ಆದರೆ ಹೇಗೆ? ಬೆಳಿಗ್ಗೆ ಓದಿದ ಅಧ್ಯಾಯದಲ್ಲಿ ಆ ಹೆಂಗಸೂ ತಪ್ಪೊಪ್ಪಿಕೊಳ್ಳುತ್ತಾಳೆ. ಸಣ್ಣದೊಂದು ತಪ್ಪನ್ನು ಕಣ್ಣೀರು ಹಾಕಿಕೊಂಡು ಒಪ್ಪಿಕೊಂಡು ದೊಡ್ಡದನ್ನು ಮುಚ್ಚಿಡುತ್ತಾಳೆ ಅಂತ ಹುಡುಗಿಯ ಅನುಮಾನ. ಇವಳೂ ಅಲ್ಲಿಯವರೆಗೆ ಓದಿದ್ದಾಳೆ, ಟಿಕೆಟ್ ಅಲ್ಲೇ ಇತ್ತು. ಇವತ್ತೇ ನಾನು ಹೋಗಿ ಒಪ್ಪಿಕೊಂಡರೆ ಏನಂದುಕೊಳ್ಳುತ್ತಾಳೆ? ತಲೆ ಚಿಟ್ಟು ಹಿಡಿದುಹೋಗಿದೆ.

ಅದೇ ದಿನ, ಸಂಜೆ

ಹೇಳಿದೆ. ಕಣ್ಣೀರು ಮಾತ್ರ ಹಾಕಬಾರದು ಅಂತ ತುಟಿ ಕಚ್ಚಿಕೊಂಡು ಹೇಳಿದೆ.

ಬಾಯಿ ತೆರೆದುಕೊಂಡು ಕೇಳಿದಳು. ಆಮೇಲೆ ಕೂಗಿದಳು. ಎಂಟು ತಿಂಗಳ ಕೂಗು ಅದು, ಒಟ್ಟಿಗೆ ಬಂತು.

"ನಂಗೆ ಹುಚ್ಚು ಹಿಡೀತಿದೆ ಅನ್ಕೊಂಡಿದ್ದೆ! ಗೊತ್ತಾ ನಿಮಗೆ? ಅದಕ್ಕೇ ಅಜ್ಜಿ ಮನೆಗೆ ಹೋಗ್ತೀನಿ ಅಂದಿದ್ದು. ನಿದ್ದೇಲಿ ನಿಮಗೆ ಏನಾದ್ರೂ ಮಾಡಿಬಿಡ್ತೀನೇನೋ ಅಂತ ಭಯ ಆಗಿತ್ತು!"

"ನನಗಾ?"

"ಮತ್ತಿನ್ಯಾರಿಗೆ? ಮನೇಲಿ ಇರೋದು ನೀವೊಬ್ರೇ ತಾನೆ!"

ಅವಳು ಪುಸ್ತಕ ಎತ್ತಿ ಮಂಚದ ಮೇಲೆ ಬಿಸಾಕಿದಳು.

"ಆ ಮೂಲೆ ಯಾಕೆ ಮಡಿಚ್ತಿದ್ದೆ ಗೊತ್ತಾ? ಆ ಹೆಂಗಸು ಏನೂ ಮಾಡಿಲ್ಲ ಅನ್ಸಿದ ಕಡೆ ಎಲ್ಲ ಮಡಿಚ್ತಿದ್ದೆ. ಅವಳ ಪರವಾಗಿ ಒಂದೊಂದೇ ಹುಡುಕಿ ಇಡೋದು. ಬೆಳಿಗ್ಗೆ ಇಡೋದು, ಸಂಜೆ ಮಾಯ. ಎಲ್ಲಾ ನೀವೇ ಅಳಿಸಿದ್ದು!"

ಕ್ಷಮಿಸಮ್ಮ ಅಂದೆ. "ಹೊರಗೆ ಹೋಗಿ" ಅಂದಳು. ಹೋದೆ.

ಒಳಗೆ ಅಳುತ್ತಿದ್ದಾಳೆ. ಅಥವಾ ನಗುತ್ತಿದ್ದಾಳಾ? ಬಾಗಿಲಿಗೆ ಕಿವಿ ಕೊಟ್ಟರೂ ಗೊತ್ತಾಗುತ್ತಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಹೋದಳು. ಇವರೇ ಕರೆದುಕೊಂಡು ಹೋದರು. ಈಗ ಹೋಗುವ ಕಾರಣವೇ ಇಲ್ಲವಲ್ಲ ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಸಿಟ್ಟಿಗೆ ಹೋಗುತ್ತಿದ್ದಾಳೋ, ನಾಚಿಕೆಗೋ, ಅಜ್ಜಿಗೆ ಹೇಳಿಬಿಟ್ಟಾಗಿದೆ ಅಂತಲೋ? ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಂಡಳು. "ಬರ್ತೀನಿ" ಅಂದಳು. ಎಲ್ಲರೂ ಅನ್ನುವ ಮಾತು ಅದು, ಅದಕ್ಕೆ ಅರ್ಥ ಹುಡುಕಬಾರದು. ನಾನು ಬೆಳಿಗ್ಗೆಯಿಂದ ಅದನ್ನೇ ಮಾಡುತ್ತಿದ್ದೇನೆ.

ಪುಸ್ತಕ ತೆಗೆದುಕೊಂಡು ಹೋಗಿದ್ದಾಳೆ. ಅವಳ ದಿಂಬು ತಟ್ಟಿ ನೆಟ್ಟಗೆ ಮಾಡಲು ಹೋದೆ. ಕೈ ಹಿಂದಕ್ಕೆಳೆದುಕೊಂಡೆ.

ಅಕ್ಟೋಬರ್ 4, ಶನಿವಾರ. ಸಂಜೆ

ಫೋನ್ ಬಂತು. ಅವಳದು.

"ಅಪ್ಪ ಇನ್ನೂ ಬಂದಿಲ್ಲಮ್ಮ" ಅಂದೆ.

"ಗೊತ್ತು. ಬರೋದ್ರೊಳಗೆ ಮಾಡೋಣ ಅಂತಲೇ ಮಾಡಿದ್ದು."

ಆ ಕಡೆ ಅಜ್ಜಿ ಯಾರಿಗೋ ಬಯ್ಯುತ್ತಿದ್ದದ್ದು ಕೇಳಿಸಿತು.

"ನೀವು ಎಲ್ಲಿವರೆಗೆ ಓದಿದ್ರಿ?"

"ಅವಳು ಒಪ್ಕೊಳ್ಳೋವರೆಗೆ."

"ನಾನೂ ಅಲ್ಲೇ ನಿಲ್ಲಿಸಿದ್ದೀನಿ. ಆಮೇಲೆ ಓದೋಕಾಗ್ಲಿಲ್ಲ. ಕೊನೇ ಅಧ್ಯಾಯ ಈಗ ಓದ್ತೀನಿ, ಕೇಳ್ತೀರಾ? ಮಧ್ಯ ಬಾಯಿ ಹಾಕಬಾರದು."

ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟೆ. ಓದಿದಳು. ಅವಳ ದನಿ ಇಷ್ಟು ಹೊತ್ತು ಒಂದೇ ಸಮನೆ ನಾನು ಕೇಳಿದ್ದೇ ಇಲ್ಲ. ಕಥೆಯ ಹುಡುಗಿ ಮೆಟ್ಟಿಲಿಳಿದು ಕೆಳಗಿನ ಕೋಣೆಗೆ ಹೋಗುತ್ತಾಳೆ. ಬಾಗಿಲ ಆಚೆ ಯಾರೋ ಇದ್ದಾರೆ. ಸಾಮಾನೆಲ್ಲ ಮುಟ್ಟುತ್ತಿದ್ದವರು. ಕೈ ಚಿಲಕದ ಮೇಲೆ...

"ನಿಲ್ಸು, ನಿಲ್ಸು" ಅಂದೆ. ಬೆವತುಹೋಗಿದ್ದೆ. "ಬೇಡ ಕಣೆ. ಆ ಹೆಂಗಸೇ ಆಗಿರ್ತಾಳೆ. ನಂಗೆ ಭಯ ಆಗ್ತಿದೆ, ಓದ್ಬೇಡ."

ಅವಳು ನಕ್ಕಳು. ಅಳುವಲ್ಲ, ನಗುವೇ, ಈ ಸಲ ಅನುಮಾನವಿಲ್ಲ.

"ಅಯ್ಯೋ, ಇಷ್ಟಕ್ಕೆಲ್ಲ ಹೆದರ್ಕೋತಾರಾ? ನಾನಿದ್ದೀನಲ್ಲ. ಸುಮ್ನೆ ಕೂತ್ಕೊಂಡು ಕೇಳಿ."

ಅಷ್ಟರಲ್ಲಿ ಫೋನ್ ಕಟ್ಟಾಯಿತು. ನಾನು ಮಾಡಿದರೆ ಎಂಗೇಜ್. ಅವಳೂ ಮಾಡುತ್ತಿರಬೇಕು. ಇಬ್ಬರೂ ಒಟ್ಟಿಗೆ ಮಾಡಿದರೆ ಸಿಗುವುದೆಲ್ಲಿ? ನಾನು ಸುಮ್ಮನಾದೆ, ಅವಳೇ ಮಾಡಲಿ ಅಂತ. ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ನಾನಿದ್ದೀನಲ್ಲ ಅಂದಳು. ನನಗೆ. ಹದಿನೈದು ವರ್ಷದ ಚೋಟುದ್ದದ ಹುಡುಗಿ ನನಗೆ ನಾನಿದ್ದೀನಲ್ಲ ಅಂದಳು. ಇದಕ್ಕೆ ಏನು ಅಂತ ಅರ್ಥ ಮಾಡಿಕೊಳ್ಳಬೇಕು, ಬರುತ್ತಾಳೆ ಅಂತಲಾ, ಇಲ್ಲಾ ಸುಮ್ಮನೆ ಬಾಯಿಮಾತಿಗೆ

ಬಂತು, ಫೋನ್—